ಜಾವಾ–ಯೆಜ್ಡಿ: ಮೈಸೂರು ಕಾರ್ಖಾನೆಯ ಮೂಲ ಬಣ್ಣಗಳು

ಜಾವಾ–ಯೆಜ್ಡಿ ಮೂಲ ಬಣ್ಣಗಳು: ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಮೋಟಾರ್‌ಸೈಕಲ್‌ಗಳಿಗೆ ಕಾರ್ಖಾನೆಯಲ್ಲೇ ಹಚ್ಚಿದ ಬಣ್ಣ, ಅದರ ಜೊತೆಗೆ ಬರುವ ಕ್ರೋಮ್ ಲೇಪ ಮತ್ತು ಚಿನ್ನದ ಗೆರೆ. ಕರ್ನಾಟಕದಲ್ಲಿ ತಯಾರಾದ ವಾಹನಗಳ ಪೈಕಿ ಬಣ್ಣದಿಂದಲೇ ಗುರುತು ಸಿಗುತ್ತಿದ್ದದ್ದು ಇದೊಂದೇ ಎಂದರೆ ಹೆಚ್ಚು ತಪ್ಪಾಗದು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ಹಿರಿಯರಿಗೆ ‘ಜಾವಾ ಕಲರ್’ ಎಂದರೆ ಸಾಕು, ಯಾವ ಕೆಂಪು ಎಂದು ಮತ್ತೆ ಕೇಳುವುದಿಲ್ಲ. ಆದರೆ ಆ ಕೆಂಪು ಯಾವುದು ಎಂದು ಪೇಂಟ್ ಅಂಗಡಿಯಲ್ಲಿ ನಿಂತು ಹೇಳಬೇಕಾಗಿ ಬಂದಾಗ ನಾಲ್ವರು ನಾಲ್ಕು ಡಬ್ಬಿ ತೋರಿಸುತ್ತಾರೆ. ಈ ಲೇಖನದ ವಿಷಯ ಆ ಗೊಂದಲವೇ.

ಹಿನ್ನೆಲೆ

ಜಾವಾ ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1929ರಲ್ಲಿ. ಶಸ್ತ್ರಾಸ್ತ್ರ ತಯಾರಕನಾಗಿದ್ದ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ (JA) ವಾಂಡರರ್‌ನ ಎರಡಕ್ಷರ (WA) ಕೂಡಿಸಿ ಹೊಸ ಹೆಸರು ಕಟ್ಟಿದ. ಆ ಮೊದಲ 500 ಸಿ.ಸಿ. ಗಾಡಿಯೇ ಕಡುಗೆಂಪು ಮೈಯದು, ಟ್ಯಾಂಕಿನ ಪಕ್ಕಗಳಿಗೆ ತಿಳಿ ಹಳದಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಬಂದ 250 ಸಿ.ಸಿ. ‘ಪೆರಾಕ್’ ಕೂಡ ಕೆಂಪನ್ನೇ ಉಟ್ಟು ಬಂತು. ಹೀಗೆ ಕೆಂಪು ಆ ಕಂಪನಿಗೆ ಮನೆದೇವರ ಬಣ್ಣವಾಯಿತು. ನಮ್ಮಲ್ಲಿ ಅದನ್ನು ಮೈಸೂರಿನವರ ಆಯ್ಕೆ ಎಂದು ತಿಳಿದವರಿದ್ದಾರೆ. ಅದು ಬಳುವಳಿಯಾಗಿ ಬಂದದ್ದು.

ಐಡಿಯಲ್ ಜಾವಾ (ಇಂಡಿಯಾ) ಸ್ಥಾಪನೆಯಾದದ್ದು 1960ರಲ್ಲಿ. ರುಸ್ತುಂ ಮತ್ತು ಫರೂಖ್ ಇರಾನಿ ಅದರ ಹಿಂದಿದ್ದವರು. ಮರುವರ್ಷ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಲು ತಯಾರಾದದ್ದು ಜೆಕ್ ಮೂಲದ 353 ಮಾದರಿಯ 250 ಸಿ.ಸಿ., ಎರಡು ಸ್ಟ್ರೋಕಿನ ಗಾಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಕೋಲು, ಮೊಟ್ಟೆಯಾಕಾರದ ಟೂಲ್‌ಬಾಕ್ಸು. 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದಿಂದ ಆ ಹೆಸರು ಬಂತೆಂದು ಹೇಳುವ ರೂಢಿ. ಜೆಕ್ ಭಾಷೆಯಲ್ಲಿ ಅದೇ ಸದ್ದಿನ ಪದಕ್ಕೆ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥವಿರುವುದೂ ನಿಜ. ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ 1973ರಲ್ಲಿ. ಹಾಗಾಗಿ ಎಂವೈ ಎಂದು ಶುರುವಾಗುವ ನಂಬರ್ ಪ್ಲೇಟಿನ ಮೆರೂನ್ ಜಾವಾ ಎಂದರೆ ಹೆಸರಿನಲ್ಲೂ ಬಣ್ಣದಲ್ಲೂ ಹಳೆಯ ರಾಜ್ಯದ್ದು.

ಮೆರೂನ್

ಜಾವಾದ ಮೂಲ ಬಣ್ಣ ಮೆರೂನ್. ಟ್ಯಾಂಕಿಗೆ ಮಾತ್ರ ಬಣ್ಣ ಕೊಟ್ಟು ಉಳಿದದ್ದಕ್ಕೆ ಕರಿ ಬಳಿಯುವ ಜಾಯಮಾನ ಆ ಕಾರ್ಖಾನೆಯದಾಗಿರಲಿಲ್ಲ. ಚಾಸಿ, ಮುಂದಿನ ಫೋರ್ಕಿನ ಕವಚ, ಹೆಡ್‌ಲೈಟಿನ ಡೂಮ್, ಎರಡೂ ಮಡ್‌ಗಾರ್ಡ್, ಟೂಲ್‌ಬಾಕ್ಸ್, ಚೈನಿನ ಕವಚ ಎಲ್ಲವೂ ಒಂದೇ ಮೈಬಣ್ಣ. ದೂರದಿಂದ ನೋಡಿದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಿದ್ದುದಕ್ಕೆ ಅರ್ಧ ಕಾರಣ ಈ ಏಕವರ್ಣ. ಮದ್ರಾಸಿನಿಂದ ಬರುತ್ತಿದ್ದ ಕರಿ ಬುಲೆಟ್ಟಿನ ಎದುರು ನಿಲ್ಲಿಸಿದರೆ ಅದು ಪೊಲೀಸ್ ಠಾಣೆಯ ಗಾಡಿ, ಇದು ಮದುವೆಮನೆಯ ಗಾಡಿ ಎನ್ನಿಸುತ್ತಿತ್ತು.

ಈ ಮೆರೂನ್ ಹೇಗಿತ್ತೆಂದು ಹೇಳಲು ಬಣ್ಣದ ಪಟ್ಟಿಗಿಂತ ನಮ್ಮ ಅಡುಗೆಮನೆಯ ಪದಗಳೇ ಹತ್ತಿರ. ಶೆಡ್ಡಿನ ನೆರಳಿನಲ್ಲಿ ಹುಣಿಸೆಬೀಜದ ಕಂದು, ಹೊರಗೆ ಎಳೆದು ಬಿಸಿಲಿಗೆ ನಿಲ್ಲಿಸಿದರೆ ಒಳಗಿಂದ ದಾಳಿಂಬೆ ಕಾಳಿನ ಕೆಂಪು ಎದ್ದು ಬರುತ್ತದೆ. ಒಂದೇ ಲೇಪ ಎರಡು ಬೆಳಕಿನಲ್ಲಿ ಎರಡಾಗಿ ಕಾಣುವುದು ಗಾಢ ಕೆಂಪುಗಳ ಸ್ವಭಾವ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೊಂದಿಸಿ ಮನೆಗೆ ತಂದವರು ಬೆಳಗ್ಗೆ ಅಂಗಳದಲ್ಲಿ ಬೆಚ್ಚಿಬೀಳುವುದು ಇದರಿಂದಲೇ.

ಮೆರೂನ್ ಒಂದೇ ಪುಡಿಯಿಂದ ಆಗುವ ಬಣ್ಣವೂ ಅಲ್ಲ. ಕೆಂಪಿಗೆ ಎರಡು ದಾರಿ. ಒಂದು ಕಬ್ಬಿಣದ ಆಕ್ಸೈಡು: ನಮ್ಮ ಕೆಮ್ಮಣ್ಣು, ಜಾಜು, ಸಿಮೆಂಟ್ ನೆಲಕ್ಕೆ ಬೆರೆಸುವ ರೆಡ್ ಆಕ್ಸೈಡು ಎಲ್ಲವೂ ಇದೇ ಕುಲ. ಅಗ್ಗ, ಒತ್ತಾಗಿ ಮುಚ್ಚುತ್ತದೆ, ಎಷ್ಟು ಬಿಸಿಲು ಬಿದ್ದರೂ ಮಾಸುವುದಿಲ್ಲ. ಆದರೆ ಇಟ್ಟಿಗೆಯ ಮಂಕು ಅದನ್ನು ಬಿಡದು. ಇನ್ನೊಂದು ಟೊಲುಯಿಡಿನ್ ರೆಡ್‌ನಂಥ, ಪ್ರಯೋಗಾಲಯದಲ್ಲಿ ಹುಟ್ಟಿದ ಇಂಗಾಲದ ಕೆಂಪುಗಳು. ಇವುಗಳಿಗೆ ಒಳಹೊಳಪು ಹೆಚ್ಚು, ಬಾಳಿಕೆ ಕಡಿಮೆ. ಆ ಕಾಲದ ವಾಹನದ ಮೆರೂನ್‌ಗಳನ್ನು ಸಾಮಾನ್ಯವಾಗಿ ಇವೆರಡನ್ನೂ ಸ್ವಲ್ಪ ಕಪ್ಪಿನೊಂದಿಗೆ ಕೂಡಿಸಿ ಮಾಡುತ್ತಿದ್ದರು. ವರ್ಷಗಳು ಕಳೆದಂತೆ ಇಂಗಾಲದ ಕೆಂಪು ಮೊದಲು ಹಿಂಜರಿಯುತ್ತದೆ, ಕಬ್ಬಿಣದ್ದು ಉಳಿಯುತ್ತದೆ. ಹಳೆಯ ಗಾಡಿ ಕಂದಾಗಿ ಕಾಣುವ ಗುಟ್ಟು ಅದು. ಇಂದು ‘ಜಾವಾ ಮೆರೂನ್’ ಎಂದು ಎಷ್ಟೋ ಅಂಗಡಿಗಳಲ್ಲಿ ಕಲಸಿಕೊಡುವುದು ಐವತ್ತು ವರ್ಷ ಬಿಸಿಲುಂಡ ಟ್ಯಾಂಕನ್ನು ನೋಡಿ ಹೊಂದಿಸಿದ ಬಣ್ಣ. ಅಂದರೆ ಮುದುಕನ ಫೋಟೋ ನೋಡಿ ಮದುಮಗನ ಅಂಗಿ ಹೊಲಿಸಿದ ಹಾಗೆ.

ಕ್ರೋಮ್ ಮತ್ತು ಗೆರೆ

ಜಾವಾ ಟ್ಯಾಂಕಿನ ಎರಡು ಪಕ್ಕ ಕನ್ನಡಿಯಂತೆ ಹೊಳೆಯುತ್ತಿದ್ದದ್ದು ಕ್ರೋಮ್. ಇಲ್ಲಿ ಕೆಲಸದ ಕ್ರಮವನ್ನು ಗಮನಿಸಬೇಕು. ಉಕ್ಕಿನ ಟ್ಯಾಂಕಿಗೆ ಮೊದಲು ತಾಮ್ರ ಮತ್ತು ನಿಕ್ಕಲ್ ಲೇಪ, ಅದರ ಮೇಲೆ ಕೂದಲೆಳೆಗಿಂತ ನೂರು ಪಾಲು ತೆಳುವಾದ ಕ್ರೋಮ್. ಆಮೇಲೆ ಹೊಳಪು ಉಳಿಯಬೇಕಾದ ಭಾಗಕ್ಕೆ ಮರೆ ಕಟ್ಟಿ ಉಳಿದ ಕಡೆ ಬಣ್ಣ ಹೊಡೆಯುವುದು. ಕ್ರೋಮ್ ಬಹಳ ನುಣುಪು, ಬಣ್ಣ ಅದಕ್ಕೆ ಸುಲಭವಾಗಿ ಕಚ್ಚುವುದಿಲ್ಲ. ಎರಡೂ ಸಂಧಿಸುವ ಅಂಚಿನಲ್ಲಿ ಮೊದಲು ಸಿಪ್ಪೆ ಏಳುತ್ತದೆ. ಆ ಅಂಚನ್ನು ಮುಚ್ಚಿಕೊಂಡು ಹೋಗುವ ಚಿನ್ನದ ಬಣ್ಣದ ತೆಳು ಗೆರೆ ಅಲಂಕಾರವೂ ಹೌದು, ಲೋಪ ಮುಚ್ಚುವ ಉಪಾಯವೂ ಹೌದು. ಸೀರೆಯ ಒಡಲಿಗೂ ಅಂಚಿಗೂ ನಡುವೆ ಜರಿಯ ಎಳೆ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೆರೆ ಎಳೆಯುವುದು ಕೈಕೆಲಸ. ಅಳಿಲಿನ ಬಾಲದ ಕೂದಲಿನಂಥ ಉದ್ದ ಎಳೆಯ ಕುಂಚವನ್ನು ಬಣ್ಣದಲ್ಲಿ ಅದ್ದಿ, ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಆನಿಸಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ತಿರುವು ಮುಗಿಸಬೇಕು. ಮದ್ರಾಸಿನ ತಿರುವೊತ್ತಿಯೂರಿನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಇದು ಕಂಪನಿಯ ಹೆಗ್ಗುರುತೇ ಆಗಿ ಹೋಯಿತು. ಕೈಯಲ್ಲಿ ಎಳೆದ ಗೆರೆ ಶುರುವಿನಲ್ಲಿ ತುಸು ದಪ್ಪ, ಮುಗಿಯುವಲ್ಲಿ ತುಸು ಸಪೂರ. ಬೆರಳಿನಿಂದ ಸವರಿದರೆ ಉಬ್ಬು ತಿಳಿಯುತ್ತದೆ. ಸ್ಟಿಕ್ಕರ್ ಗೆರೆಗೆ ಈ ಎರಡೂ ಇರುವುದಿಲ್ಲ. ಹಳೆಯ ಗಾಡಿಗಳ ಸ್ಪರ್ಧೆಯಲ್ಲಿ ತೀರ್ಪುಗಾರರು ಮೊದಲು ಬಗ್ಗಿ ನೋಡುವ ಜಾಗಗಳಲ್ಲಿ ಇದೊಂದು.

ಇನ್ನೊಂದು ಜಾಗ ಟ್ಯಾಂಕಿನ ಮುಚ್ಚಳದ ಸುತ್ತು. ಜಾವಾಕ್ಕೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಹಾಕಬೇಕಾಗಿತ್ತು. ಬಂಕಿನಲ್ಲಿ ಅಳತೆ ಮಾಡಿ ಸುರಿಯುವಾಗ ಚೆಲ್ಲದೆ ಇರುವುದು ಅಪರೂಪ. ಒಲೆಯಲ್ಲಿ ಬೇಯಿಸಿದ ಎನಾಮಲ್ ಆದರೆ ಪೆಟ್ರೋಲನ್ನು ತಡೆದುಕೊಳ್ಳುತ್ತದೆ. ಗಾಳಿಯಲ್ಲಿ ಒಣಗುವ ಸೆಲ್ಯುಲೋಸ್ ಲ್ಯಾಕರ್ ಆದರೆ ಮೆತ್ತಗಾಗಿ ಮುಚ್ಚಳದ ಸುತ್ತ ಕಣ್ಣೀರು ಸುರಿದಂಥ ಕಲೆ ಬೀಳುತ್ತದೆ. ಹಳೆಯ ಜಾವಾವೊಂದರಲ್ಲಿ ಆ ಕಲೆ ಇದ್ದರೆ ಸಾಮಾನ್ಯವಾಗಿ ಅದು ಊರಿನ ಗ್ಯಾರೇಜಿನಲ್ಲಿ ಒಮ್ಮೆ ಬಣ್ಣ ಹೊಡೆಸಿಕೊಂಡದ್ದು ಎಂದು ಊಹಿಸಬಹುದು.

ಯೆಜ್ಡಿ ಬಂದ ಮೇಲೆ

ಹೆಸರು ಬದಲಾದ ಮೇಲೆ ಬಣ್ಣದ ಬಿಗಿ ಸಡಿಲಿತು. ಮೆರೂನ್ ಉಳಿದೇ ಇತ್ತು. ಅದರ ಪಕ್ಕಕ್ಕೆ ಕಪ್ಪು, ನೀಲಿ, ಹಸಿರು ಬಂದವು. 1978ರಲ್ಲಿ ಬಂದ ರೋಡ್‌ಕಿಂಗ್ ಸವಾರನ ಕಣ್ಣನ್ನೇ ಬದಲಿಸಿತು. ದುಂಡು ಹೋಗಿ ನೇರ ಗೆರೆ ಬಂತು, ಕೈಗೆರೆಯ ಬದಲು ಸ್ಟಿಕ್ಕರ್ ಪಟ್ಟೆ ಬಂತು. ಎಪ್ಪತ್ತರ ದಶಕದ ಅಭಿರುಚಿಯೇ ಹಾಗಿತ್ತು: ಪ್ಯಾಂಟಿನ ಕಾಲು ಅಗಲವಾಯಿತು, ಬಣ್ಣಗಳು ಕೂಗತೊಡಗಿದವು. ಸಂಗ್ರಾಹಕರು ಇಂದಿಗೂ ಜಾವಾಕ್ಕೆ ಮೆರೂನನ್ನೇ ಕೇಳುತ್ತಾರೆ, ರೋಡ್‌ಕಿಂಗಿಗೆ ಮಾತ್ರ ಅವರವರ ಕಾಲೇಜು ದಿನಗಳ ಬಣ್ಣ ಕೇಳುತ್ತಾರೆ. ಮೊದಲನೆಯದು ಚರಿತ್ರೆಯ ಆಸೆ, ಎರಡನೆಯದು ಹರೆಯದ್ದು.

ಇದಕ್ಕೆ ಕೆಲವೇ ವರ್ಷ ಮೊದಲು ಭೂಮಿಯ ಆಚೆ ಬದಿಯಲ್ಲಿ ಬಣ್ಣ ಕಟ್ಟೊಡೆದು ಹರಿಯುತ್ತಿತ್ತು. ಆಸ್ಟ್ರೇಲಿಯಾದ ಫೋರ್ಡ್ ಕಂಪನಿ 1967ರಲ್ಲಿ ಎಕ್ಸ್‌ಆರ್ ಫಾಲ್ಕನ್ ಜಿಟಿ ಎಂಬ ಬಲಶಾಲಿ ಕಾರು ತಂದಾಗ ಹೆಚ್ಚುಕಡಿಮೆ ಎಲ್ಲಕ್ಕೂ ‘ಜಿಟಿ ಗೋಲ್ಡ್’ ಎಂಬ ಒಂದೇ ಹೊನ್ನಬಣ್ಣ. ಸಿಗರೇಟು ಕಂಪನಿಯೊಂದಕ್ಕಾಗಿ ಬೆಳ್ಳಿ ಬಣ್ಣದ ಕೆಲವನ್ನು ಬಿಟ್ಟರೆ ಬೇರೆ ಬಣ್ಣ ಅತಿ ವಿರಳ. ನಾಲ್ಕೇ ವರ್ಷದಲ್ಲಿ, 1971ರ ಜಿಟಿ–ಎಚ್‌ಒ ಫೇಸ್ 3 ಬರುವ ಹೊತ್ತಿಗೆ, ಹಳದಿ, ಕಿತ್ತಳೆಗೆಂಪು, ಕಡುನೀಲಿ ಎಲ್ಲವೂ ಬೀದಿಗಿಳಿದಿದ್ದವು. ಅದೇ ವರ್ಷ ಕ್ರೈಸ್ಲರ್ ಕಂಪನಿ ತನ್ನ ಚಾರ್ಜರ್ ಕಾರಿನ ಕಿತ್ತಳೆಗೆ ‘ವಿಟಮಿನ್ ಸಿ’ ಎಂದು ಹೆಸರಿಟ್ಟಿತು. ಫೇಸ್ 3 ತಯಾರಾದದ್ದು 300 ಮಾತ್ರ. ಹರಾಜಿನಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿದ ಗಾಡಿಗಳು ಅದರಲ್ಲಿವೆ. ಅಲ್ಲಿ ಬಣ್ಣದ ಪತ್ತೆ ಸುಲಭ. ಬಾಡಿಗೆ ಬಡಿದ ತಗಡಿನ ಪಟ್ಟಿಯಲ್ಲಿ ಬಣ್ಣದ ಸಂಕೇತಾಕ್ಷರ ಅಚ್ಚಾಗಿರುತ್ತದೆ, ಓದಿಕೊಂಡರೆ ಆಯಿತು. ಜಾವಾ ಚಾಸಿಯ ಮೇಲೆ ಕೊರೆದ ಸಂಖ್ಯೆ ಗಾಡಿಯ ಜನ್ಮ ಹೇಳುತ್ತದೆ, ಬಟ್ಟೆಯ ಬಣ್ಣ ಹೇಳುವುದಿಲ್ಲ.

ಆ ದೇಶಕ್ಕೂ ನಮಗೂ ಒಂದು ಪದ ಮಾತ್ರ ಸಾಮಾನ್ಯ: ಡ್ಯೂಕೊ. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದ ಮೊದಲ ಭಾಗದಲ್ಲಿ ಜನರಲ್ ಮೋಟಾರ್ಸ್‌ಗಾಗಿ ತಯಾರಿಸಿದ ಸೆಲ್ಯುಲೋಸ್ ಲ್ಯಾಕರಿನ ಹೆಸರದು. ಅದಕ್ಕೂ ಮೊದಲು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಫೋರ್ಡ್ ತನ್ನ ಮಾಡೆಲ್ ಟಿಯನ್ನು 1914ರಿಂದ 1925ರವರೆಗೆ ಕಪ್ಪಿನಲ್ಲಷ್ಟೇ ಮಾರಿದ್ದಕ್ಕೆ ಬೇಗ ಒಣಗುವ ಕಪ್ಪು ಎನಾಮಲ್ಲೂ ಒಂದು ಕಾರಣ. ಡ್ಯೂಕೊ ಗಂಟೆಗಳಲ್ಲಿ ಒಣಗಿತು, ಕಾರುಗಳಿಗೆ ಬಣ್ಣ ಬಂತು. ಇಂದು ಆಸ್ಟ್ರೇಲಿಯಾದಲ್ಲಿ ಕಾರಿನ ಬಣ್ಣಕ್ಕೆಲ್ಲ ಡ್ಯೂಕೊ ಎನ್ನುತ್ತಾರೆ. ಹಿರಿಯೂರಿನ ಪೇಂಟರೂ ಬೀರುವಿಗೋ ಬೈಕಿಗೋ ಗನ್ ಹಿಡಿದು ಹೊಡೆಯುವ ಬಣ್ಣಕ್ಕೆ ಡ್ಯೂಕೊ ಎಂದೇ ಹೇಳುತ್ತಾರೆ, ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ಸರಿ.

ಮೈಸೂರಿನ ಇನ್ನೊಂದು ಬಣ್ಣ

ಜಾವಾ ಮೈಸೂರಿಗೆ ಬರುವ ಮೊದಲೇ ಅಲ್ಲಿ ಬಣ್ಣದ ಉದ್ಯಮವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಕಾಡಿನ ಅರಗು ಅದರ ಮೂಲ ಸರಕು. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, ರಾಜ್ಯ ಸರ್ಕಾರದ ಸಂಸ್ಥೆ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತದೆ. ಜಾವಾ ಕೆಂಪು ಹೊರಬಿದ್ದ ಮರುವರ್ಷವೇ ಈ ನೀಲಿಗಪ್ಪೂ ಹೊರಬಿತ್ತು. ಕೆಂಪು ಸವಾರಿ ಮಾಡಿದವರಿಗೆ ಮಾತ್ರ, ಶಾಯಿಯನ್ನು ದೇಶವೆಲ್ಲ ಉಟ್ಟಿತು.

ಬಿಸಿಲು, ಮಳೆ, ಮಣ್ಣು

ಒಂದೇ ವರ್ಷ ಒಂದೇ ಬಾಗಿಲಿನಿಂದ ಹೊರಟ ಎರಡು ಜಾವಾಗಳು ಈಗ ಎರಡು ಬಣ್ಣ. ಎಲ್ಲಿ ಬಾಳಿದವು ಎಂಬುದರ ಮೇಲೆ ಅದು ನಿಂತಿದೆ. ಮಲೆನಾಡಿನ ಗಾಡಿಗೆ ಶತ್ರು ನೀರು: ಮಡ್‌ಗಾರ್ಡಿನ ಒಳಮೈಯಲ್ಲಿ ಕೆಸರು ಕೂತು, ತುಕ್ಕು ಒಳಗಿಂದ ಉಬ್ಬಿ, ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಮೊದಲು ಕ್ರೋಮನ್ನು ಹಿಡಿಯುತ್ತದೆ, ಸೂಜಿಮೊನೆಯಷ್ಟು ತೂತುಗಳಿಂದ ಕಂದು ಹನಿ ಜಿನುಗುತ್ತದೆ.

ಚಿತ್ರದುರ್ಗ ಜಿಲ್ಲೆ ಒಣ ನೆಲ. ಇಲ್ಲಿಯ ಗಾಡಿಗೆ ತುಕ್ಕು ಕಡಿಮೆ, ಆದ್ದರಿಂದಲೇ ಹಳೆಯ ತಗಡು ಹುಡುಕುವವರು ಈ ಕಡೆ ಬರುವುದು ಲಾಭ. ಆದರೆ ಬಿಸಿಲು ಬಿಡುವುದಿಲ್ಲ. ಬಣ್ಣದ ಪುಡಿಯನ್ನು ಹಿಡಿದಿಟ್ಟ ರಾಳ ಮೇಲ್ಮೈಯಲ್ಲಿ ಸುಟ್ಟು ಸಡಿಲವಾಗುತ್ತದೆ. ಬೆರಳು ಸವರಿದರೆ ಸೀಮೆಸುಣ್ಣದಂಥ ಕೆಂಪು ಹಿಟ್ಟು ಅಂಟುತ್ತದೆ. ಟ್ಯಾಂಕಿನ ಮೇಲ್ಭಾಗ, ಹೆಡ್‌ಲೈಟ್ ಡೂಮಿನ ನೆತ್ತಿ, ಹಿಂದಿನ ಮಡ್‌ಗಾರ್ಡಿನ ಬೆನ್ನು ಈ ಕ್ರಮದಲ್ಲೇ ಮಾಸುತ್ತವೆ. ಸೀಟಿನ ಕೆಳಗಿನ ಭಾಗ ಮಾತ್ರ ಹೊಸ ಬಳೆಯಂತಿರುತ್ತದೆ. ಹಿಟ್ಟು ಎದ್ದ ಬಣ್ಣ ಸತ್ತಿತೆಂದು ತಿಳಿಯುವುದು ತಪ್ಪು. ನಯವಾದ ಕಾಂಪೌಂಡ್ ಹಾಕಿ ತಾಳ್ಮೆಯಿಂದ ಉಜ್ಜಿದರೆ ಕೆಳಗಿನ ಪದರ ಹಲವು ಸಲ ಜೀವಂತವಾಗಿ ಸಿಗುತ್ತದೆ.

ಹೊಸ ಬಳೆ ಎಂದದ್ದು ಸುಮ್ಮನೆ ಬಾಯಿಗೆ ಬಂದ ಹೋಲಿಕೆಯಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಟಿಪ್ಪು ಮಡಿದ ನಂತರ 1800–01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣ. ಗಾಜಿಗೆ ಬಣ್ಣ ಬರುವುದೂ ಲೋಹದಿಂದಲೇ: ಕಬ್ಬಿಣ ಗಾಜನ್ನು ಹಸಿರಿನಿಂದ ಕಪ್ಪಿನವರೆಗೆ ಒಯ್ಯುತ್ತದೆ, ತಾಮ್ರ ಬೆಂಕಿಯ ಹದಕ್ಕೆ ತಕ್ಕಂತೆ ಹಸಿರೂ ಆಗುತ್ತದೆ, ಕೆಂಪೂ ಆಗುತ್ತದೆ. ವ್ಯತ್ಯಾಸ ಒಂದೇ. ಗಾಜಿನಲ್ಲಿ ಬಣ್ಣ ಒಡಲೊಳಗೆ ಕರಗಿರುತ್ತದೆ, ಬಳೆ ಒಡೆದರೂ ಚೂರಿನ ಬಣ್ಣ ಹಾಗೇ ಇರುತ್ತದೆ. ಬೈಕಿನ ಬಣ್ಣ ಮೈಮೇಲಿನ ಪೊರೆ, ಅದರ ಆಯುಸ್ಸು ರಾಳದ ಆಯುಸ್ಸು. ಯಾದವಗಿರಿಗಿಂತ ಒಂದೂವರೆ ಶತಮಾನಕ್ಕೂ ಮೊದಲೇ ಈ ರಾಜ್ಯದಲ್ಲಿ ಊರ ಹೆಸರಿನೊಂದಿಗೆ ಬಣ್ಣದ ಪಟ್ಟಿ ಇಟ್ಟುಕೊಂಡಿದ್ದ ತಯಾರಿಕೆ ಇತ್ತೆಂಬುದನ್ನು ನೆನಪಿಸಲು ಇದು ತಕ್ಕ ಜಾಗ.

ಮೂಲ ಬಣ್ಣ ಗುರುತಿಸುವುದು

ಕಣ್ಣಿಗೆ ಕಾಣುವ ಕಡೆ ನೋಡಿ ಪ್ರಯೋಜನವಿಲ್ಲ. ಬಿಸಿಲು, ಮಳೆ, ಪೇಂಟರ ಗನ್ ಮೂರೂ ತಲುಪದ ಮೂಲೆಗಳು ಬೇಕು. ಟ್ಯಾಂಕನ್ನು ಬಿಚ್ಚಿ ತಲೆಕೆಳಗು ಮಾಡಿದರೆ ನಡುವಿನ ಕಾಲುವೆಯಲ್ಲಿ, ಚಾಸಿಯ ಕೊಳವೆಯ ಮೇಲೆ ಕೂರುವ ಭಾಗದಲ್ಲಿ, ಮೊದಲ ಬಣ್ಣ ಉಳಿದಿರುತ್ತದೆ. ಟ್ಯಾಂಕಿನ ಪಕ್ಕದ ರಬ್ಬರ್ ಪ್ಯಾಡಿನ ಹಿಂದೆ, ಟೂಲ್‌ಬಾಕ್ಸಿನ ಮುಚ್ಚಳದ ಒಳಗೆ, ಹೆಡ್‌ಲೈಟಿನ ಉಂಗುರ ತೆಗೆದರೆ ಕಾಣುವ ಡೂಮಿನ ಅಂಚಿನಲ್ಲಿ ಕೂಡ ಸಿಗುವುದುಂಟು. ಹ್ಯಾಂಡಲ್ ತಿರುಗುವ ಕುತ್ತಿಗೆಯ ಸುತ್ತ ಗ್ರೀಸ್ ಮೆತ್ತಿಕೊಂಡಿರುತ್ತದೆ; ಮೆಕ್ಯಾನಿಕ್ ಬೈದುಕೊಳ್ಳುವ ಆ ಗ್ರೀಸೇ ಅಲ್ಲಿಯ ಬಣ್ಣ ಕಾದಿರುತ್ತದೆ.

ಮೇಲೆ ಮೂರು ನಾಲ್ಕು ಸಲ ಬಣ್ಣ ಬಿದ್ದ ಗಾಡಿಯಾದರೆ ಮರೆಯಾದ ಒಂದು ಕಡೆ, ನಾಲ್ಕಾಣೆ ನಾಣ್ಯದಷ್ಟು ಜಾಗದಲ್ಲಿ, ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಇಳಿಜಾರಾಗಿ ಉಜ್ಜಬೇಕು. ಮರದ ದಿಮ್ಮಿಯ ಉಂಗುರಗಳಂತೆ ಪದರಗಳು ತೆರೆದುಕೊಳ್ಳುತ್ತವೆ: ಮೇಲೆ ಇತ್ತೀಚಿನ ಕಪ್ಪು, ಅದರಡಿ ಯಾರದೋ ಮದುವೆಗೆ ಹೊಡೆಸಿದ ನೀಲಿ, ಆಮೇಲೆ ಬೂದು ಪುಟ್ಟಿ, ಕೊನೆಗೆ ಮೆರೂನ್, ಪ್ರೈಮರ್, ಉಕ್ಕು. ನಿಯಮ ಸರಳ. ಉಕ್ಕಿಗೆ ಅಂಟಿದ ಪ್ರೈಮರಿನ ನೇರ ಮೇಲಿನ ಬಣ್ಣ ಕಾರ್ಖಾನೆಯದು. ನಡುವೆ ಪುಟ್ಟಿ ಬಂದರೆ ಅಲ್ಲಿಂದ ಮೇಲಿನದೆಲ್ಲ ಊರಿನದು. ಆದರೆ ಅಪಘಾತವಾಗಿ ಮಡ್‌ಗಾರ್ಡ್ ಬದಲಾದ ಗಾಡಿಯಲ್ಲಿ ಈ ನಿಯಮ ಮೋಸ ಮಾಡುತ್ತದೆ, ಏಕೆಂದರೆ ಹೊಸ ಮಡ್‌ಗಾರ್ಡೂ ಇನ್ನೊಂದು ಗಾಡಿಯ ಕಾರ್ಖಾನೆ ಬಣ್ಣದ್ದೇ ಇರಬಹುದು. ಒಂದು ಭಾಗ ನೋಡಿ ತೀರ್ಮಾನಿಸದೆ ಕನಿಷ್ಠ ಮೂರು ಭಾಗಗಳ ಸಾಕ್ಷಿ ಕೇಳುವುದು ಒಳ್ಳೆಯದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದಲೂ ಗುಜರಿಯಿಂದಲೂ ಬಿಡಿಭಾಗ ಕೂಡಿಸಿ ನಿಂತ ಜಾವಾಗಳ ಸಂಖ್ಯೆ ಸಣ್ಣದಲ್ಲ.

ಹೀಗೆ ಸಿಕ್ಕ ಚೂರನ್ನು ಈಗ ಬೆಳಕಿನ ಅಲೆ ಅಳೆಯುವ ಯಂತ್ರಕ್ಕೆ ತೋರಿಸಿ ಕಂಪ್ಯೂಟರಿನಿಂದ ಬಣ್ಣದ ಪಾಕ ಪಡೆಯುವ ಸೌಲಭ್ಯ ದೊಡ್ಡ ಪೇಂಟ್ ಅಂಗಡಿಗಳಲ್ಲಿದೆ. ಯಂತ್ರ ಹೇಳುವುದು ಹತ್ತಿರದ ಪಾಕ. ಕೊನೆಯ ಎರಡು ಹನಿ ಕಪ್ಪು ಹಾಕಬೇಕೆ ಬೇಡವೆ ಎಂಬುದು ಇನ್ನೂ ಕಣ್ಣಿನ ಕೆಲಸ. ಅದನ್ನು ಬೆಳಗಿನ ಬಿಸಿಲಿನಲ್ಲಿ, ನೆರಳಿನಲ್ಲಿ, ಎರಡ್ಹೊತ್ತು ನೋಡಿ ನಿರ್ಧರಿಸಬೇಕು. ಇನ್ನೊಂದು ಎಚ್ಚರಿಕೆ: ಇಂದಿನ ಬಣ್ಣಗಳ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಜಾವಾ ಹುಟ್ಟಿದ ಕಾಲದ ಪದ್ಧತಿಯಲ್ಲ. ಅದನ್ನು ಹಾಕಿಸಿದರೆ ಬಣ್ಣ ಸರಿಯಿದ್ದೂ ಗಾಡಿ ಗಾಜಿನ ಡಬ್ಬಿಯಲ್ಲಿಟ್ಟ ಮಿಠಾಯಿಯಂತೆ ಕಾಣುತ್ತದೆ. ಮೂಲ ಎನಾಮಲಿನ ಹೊಳಪು ಎಣ್ಣೆ ಸವರಿದ ಕಲ್ಲಿನಂಥದು, ತುಸು ಆಳ, ತುಸು ಮಂದ.

ಕಾಗದದ ಮೇಲಿನ ಬಣ್ಣ

ಆರ್.ಸಿ. ಬುಕ್ಕಿನಲ್ಲಿ ಬಣ್ಣಕ್ಕೆ ಒಂದು ಜಾಗವಿದೆ. ಅಲ್ಲಿ ಗುಮಾಸ್ತರು ಬರೆದದ್ದು ಒಂದೇ ಪದ, ‘ಮರೂನ್’ ಅಥವಾ ‘ರೆಡ್’. ಎರಡೂ ಒಂದೇ ಗಾಡಿಗೆ ಸಲ್ಲುವ ಪದಗಳಾದ್ದರಿಂದ ಅದನ್ನು ನಂಬಿ ಪೇಂಟ್ ಕೊಳ್ಳಲಾಗದು. ಆದರೆ ‘ಬ್ಲೂ’ ಎಂದು ಬರೆದಿದ್ದರೆ ಮೆರೂನ್ ಹೊಡೆಸುವ ಮೊದಲು ಯೋಚಿಸಬೇಕು. ಬಣ್ಣ ಬದಲಿಸಿದರೆ ಆರ್.ಟಿ.ಒ. ಕಚೇರಿಯಲ್ಲಿ ನಮೂದು ಮಾಡಿಸಿಕೊಳ್ಳುವುದು ಕ್ರಮ, ಚಿತ್ರದುರ್ಗದ ಕೆಎ–16 ಗಾಡಿಗೂ ಅದೇ. ಒಂದು ಬಣ್ಣವಂತೂ ನಿಷಿದ್ಧ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು. ಮಿಲಿಟರಿ ಗಾಡಿಯಂತೆ ಕಾಣಲೆಂದು ಜಾವಾಕ್ಕೆ ಆ ಬಣ್ಣ ಹೊಡೆಸುವುದು ಚರಿತ್ರೆಗೂ ಕಾನೂನಿಗೂ ಒಟ್ಟಿಗೆ ಮಾಡುವ ತಪ್ಪು.

ಮರುಹುಟ್ಟು

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಇಪ್ಪತ್ತೆರಡು ವರ್ಷದ ಮೇಲೆ, 2018ರ ನವೆಂಬರ್ 15ರಂದು, ಮಹೀಂದ್ರಾ ಪಾಲುಗಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. ಈಗಿನವು ನಾಲ್ಕು ಸ್ಟ್ರೋಕಿನ ಗಾಡಿಗಳು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. 2018ರಲ್ಲಿ ಬಂದಾಗ ಜಾವಾ ಎಂಬ ಮಾದರಿಗೆ ಮೆರೂನ್, ಬೂದು, ಕಪ್ಪು ಇದ್ದವು. ಫಾರ್ಟಿಟೂ ಎಂಬುದಕ್ಕೆ ಕಾಮೆಟ್ ರೆಡ್, ಲುಮೋಸ್ ಲೈಮ್, ಹ್ಯಾಲೀಸ್ ಟೀಲ್ ಮುಂತಾದ ಆರು ಬಣ್ಣ ಇದ್ದವು. ಈ ಹ್ಯಾಲೀಸ್ ಟೀಲ್ ಎಂಬುದನ್ನು ನಮ್ಮ ಸೀರೆ ಅಂಗಡಿಯವರು ಬಹುಕಾಲದಿಂದ ‘ರಾಮಾ ಗ್ರೀನ್’ ಎಂದು ಮಾರುತ್ತಿದ್ದಾರೆ, ಧೂಮಕೇತುವಿನವರೆಗೆ ಹೋಗಬೇಕಾಗಿರಲಿಲ್ಲ. 2022ರ ಜನವರಿಯಲ್ಲಿ ಯೆಜ್ಡಿಯೂ ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್ ಎಂದು ಮೂರು ರೂಪದಲ್ಲಿ, ಕಿತ್ತಳೆ, ಹಳದಿ, ಬೂದುಗಳ ದೊಡ್ಡ ಸಂತೆಯನ್ನೇ ಕಟ್ಟಿಕೊಂಡು ಬಂತು.

ಹಳೆಯ ಬಣ್ಣಕ್ಕೆ ಕಂಪನಿ ಮಾಡಿದ ನಿಜವಾದ ನಮಸ್ಕಾರ 2019ರದು. ಜಾವಾಕ್ಕೆ ತೊಂಬತ್ತು ತುಂಬಿದ ನೆನಪಿಗೆ ತೊಂಬತ್ತೇ ಗಾಡಿಗಳನ್ನು 1929ರ ಮೊದಲ ಮಾದರಿಯ ಹಾಗೆ ಕಡುಗೆಂಪು ಮೈ, ದಂತವರ್ಣದ ಟ್ಯಾಂಕ್, ಚಿನ್ನದ ಗೆರೆಯೊಂದಿಗೆ ಬಿಡಲಾಯಿತು. ಮೈಸೂರಿನ ಕ್ರೋಮ್ ಪಕ್ಕದ ಮೆರೂನಿಗಿಂತ ಅದು ಹಿಂದಿನದು, ಪ್ರಾಗಿನದು. ಮೈಸೂರಿನದನ್ನು ನೋಡಬೇಕೆಂದರೆ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು. ಜಾವಾ ದಿನವೆಂದು ಹಳೆಯ ಗಾಡಿಗಳವರು ಅಂದು ಸೇರುತ್ತಾರೆ, ಹತ್ತಾರು ಮೆರೂನ್‌ಗಳು ಸಾಲಾಗಿ ನಿಲ್ಲುತ್ತವೆ, ಯಾವ ಎರಡೂ ಒಂದೇ ಆಗಿರುವುದಿಲ್ಲ. ಆ ಸಾಲಿನಲ್ಲಿ ಹೆಚ್ಚು ಹೊಳೆಯುವ ಗಾಡಿಯ ಹತ್ತಿರ ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ತಿಳಿದವರು ಹೋಗಿ ಕುಕ್ಕರಗಾಲಲ್ಲಿ ಕೂರುವುದು ಮೂಲೆಯಲ್ಲಿ ನಿಂತ, ಅಂಚು ಸವೆದ, ಒಮ್ಮೆಯೂ ಗನ್ ಕಾಣದ ಗಾಡಿಯ ಮುಂದೆ.

ಅಂಥ ಗಾಡಿ ತೋಟದ ಪಂಪ್‌ಮನೆಯಲ್ಲೋ ಹಟ್ಟಿಯ ಮೂಲೆಯಲ್ಲೋ ಇರುವವರಿಗೆ ಒಂದು ಮಾತು: ಪೇಂಟರನ್ನು ಕರೆಸುವ ಮೊದಲು ಟೂಲ್‌ಬಾಕ್ಸಿನ ಮುಚ್ಚಳ ತೆಗೆದು, ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಮುಚ್ಚಳವೊಂದಕ್ಕೆ ಮಾತ್ರ, ಒಳಬದಿಗೆ, ಬಣ್ಣ ಹೊಡೆಯಬೇಡವೆಂದು ಅವರಿಗೆ ಹೇಳಿ.